ಪೇಟೆಂಟ್ 1756, ಆದರೆ ಹೈದರಾಲಿ ಕಾಲದ್ದಲ್ಲ

ಹಳೇ ಇಂಗ್ಲಿಷ್ ಜೋಡಿನಳಿಗೆ ಬಂದೂಕಿನ ಮೇಲೆ ‘ಪೇಟೆಂಟ್ 1756’ ಎಂದಿದ್ದರೆ ಕೋಲಾರದವರಿಗೆ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿ ನೆನಪಾಗಬಹುದು. ಅದು ಇಸವಿಯಲ್ಲ. ಬ್ರಿಟನ್ನಿನಲ್ಲಿ 1915ರವರೆಗೂ ವರ್ಷವರ್ಷವೂ ಪೇಟೆಂಟ್ ನಂಬರು ಒಂದರಿಂದ ಶುರುವಾಗುತ್ತಿತ್ತು. 1756 ಅಂದರೆ 1875ರ ಆನ್ಸನ್–ಡೀಲಿ ಪೇಟೆಂಟು: ಹೊರಗೆ ಹ್ಯಾಮರ್ ಕಾಣದ, ತೋಟಾ ಸಿಡಿಸುವ ಯಂತ್ರ (ಲಾಕ್) ಪೂರ್ತಿ ಒಳಗೇ ಇರುವ ಬಂದೂಕು. ಇನ್ನೊಂದು ತರಲೆ ಏನೆಂದರೆ, ಪೇಟೆಂಟ್ ಹೆಸರಿನ ಜೊತೆಗಿರುವ ನಂಬರು ಎಷ್ಟೋ ಸಲ ಪೇಟೆಂಟಿನದೇ ಅಲ್ಲ, ರಾಯಧನ ಕಟ್ಟಿ ತಯಾರಿಸಿದ ಬಂದೂಕುಗಳ ಎಣಿಕೆ. ಪೇಟೆಂಟಿನಿಂದ ಗೊತ್ತಾಗುವುದು ಇಷ್ಟೇ, ಬಂದೂಕು ಅದಕ್ಕಿಂತ ಹಳೆಯದಲ್ಲ.

ಜಾತಕ ಇರುವುದು ನಳಿಗೆಯ ಅಡಿಯಲ್ಲಿ. ಮೊದಲು ಎರಡೂ ನಳಿಗೆಯಲ್ಲಿ ತೋಟಾ ಇಲ್ಲವೆಂದು ನೋಡಿಕೊಳ್ಳಿ. ಮುಂದಿನ ಮರದ ತುಂಡು ಕಳಚಿ, ಲಿವರ್ ತಿರುಗಿಸಿ ನಳಿಗೆ ಬಿಡಿಸಿ. ಹಿಂತುದಿಯ ಚಪ್ಪಟೆ ಭಾಗಕ್ಕೆ ಚಿಟಿಕೆ ವಿಭೂತಿ ಸವರಿ, ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ, ಟಾರ್ಚನ್ನು ಓರೆಯಾಗಿ ಹಿಡಿದರೆ ಮುದ್ರೆಗಳು ಬೆಳ್ಳಗೆ ಎದ್ದು ಕಾಣುತ್ತವೆ. ಹುಣಸೆಹಣ್ಣು, ಉಪ್ಪುಕಾಗದ ಹಾಕಿ ಉಜ್ಜಿದರೆ ಮುದ್ರೆಯೂ ಹೋಯಿತು, ಬೆಲೆಯೂ ಹೋಯಿತು.

ಕಿರೀಟದ ಕೆಳಗೆ ಅಡ್ಡಡ್ಡ ರಾಜದಂಡ, ಸಂದುಗಳಲ್ಲಿ ಬಿ, ಪಿ, ಸಿ ಇದ್ದರೆ 1904ಕ್ಕೆ ಮುಂಚಿನ ಬರ್ಮಿಂಗ್‌ಹ್ಯಾಂ ಪರೀಕ್ಷೆ, ಅಂದರೆ ಮದ್ದು ಜಾಸ್ತಿ ತುಂಬಿ ಹಾರಿಸಿ ನಳಿಗೆ ಗಟ್ಟಿಯೇ ಎಂದು ನೋಡಿದ್ದರ ಗುರುತು. ಕಿರೀಟದ ಕೆಳಗೆ ಬರೀ ‘ಬಿಪಿ’, ‘ಬಿವಿ’ ಇದ್ದರೆ ಆಮೇಲಿನದು. ‘ನಾಟ್ ಫಾರ್ ಬಾಲ್’ (ಒಂಟಿ ಗುಂಡು ಹಾರಿಸಲಿಕ್ಕಲ್ಲ) ಸಿಕ್ಕರೆ ಅದೃಷ್ಟ: 1875ರಿಂದ 1887, ಅಷ್ಟೇ. ಮುಂದೆ ಅದರ ಬದಲು ‘ಚೋಕ್’ ಬಂತು, ಅಂದರೆ ನಳಿಗೆ ಬಾಯಿಯ ಹತ್ತಿರ ಕಿರಿದಾಗಿದೆ ಎಂದು. ತೋಟಾ ಕೂರುವ ಜಾಗದ ಉದ್ದ ‘2½ ಇಂಚು’ ಎಂದು ಬರೆದಿದ್ದರೆ 1925ರ ನಿಯಮದ ನಂತರದ ಪರೀಕ್ಷೆ. ಹಳೇ ಬಂದೂಕನ್ನೇ ಮತ್ತೆ ಪರೀಕ್ಷೆಗೆ ಕಳಿಸಿರಬಹುದು, ಹಾಗಾಗಿ ನಂಬಬೇಕಾದ್ದು ಎಲ್ಲಕ್ಕಿಂತ ಹಳೆಯ ಮುದ್ರೆಯನ್ನು. ಮೊಟ್ಟೆಯಾಕಾರದೊಳಗೆ ‘ಇಎಲ್‌ಜಿ’ ಕಂಡರೆ ಅದು ಬೆಲ್ಜಿಯಂನ ಲೀಜ್ ಊರಿನದು, ಮೇಲೆ ಎಂಥಾ ಇಂಗ್ಲಿಷ್ ಹೆಸರಿದ್ದರೂ ಸರಿ.

ಲೈಸೆನ್ಸಿನಲ್ಲಿ ಬರೆದ ತಯಾರಕರ ಹೆಸರಿಗೂ ಜೋತು ಬೀಳಬೇಡಿ. ಕಲ್ಕತ್ತದ ರಾಡ್ಡಾ ಕಂಪನಿಯಂಥ ಅಂಗಡಿಗಳು ಇಂಗ್ಲೆಂಡಿನಿಂದ ತರಿಸಿದ ಬಂದೂಕನ್ನು ತಮ್ಮ ಹೆಸರಿನಲ್ಲೇ ಮಾರುತ್ತಿದ್ದವು.

ಕೊನೆಗೆ ‘13’ ಎಂಬ ಮುದ್ರೆ. ಪರೀಕ್ಷೆಯ ದಿನ ನಳಿಗೆಯೊಳಗಿನ ಅಗಲ ಸುಮಾರು 0.710 ಇಂಚು ಇತ್ತು ಎಂದರ್ಥ. ಬಾಯಿಯ ಹತ್ತಿರ ಚೋಕ್ ಇರಬಹುದು, ಆದ್ದರಿಂದ ಹಿಂತುದಿಯಿಂದ 9 ಇಂಚು ಒಳಗೆ ಅಳೆಯಿಸಿ. ಈಗ ಅಲ್ಲಿ 0.729 ಬಂದರೆ ತುಕ್ಕು ತೆಗೆಯಲು ಯಾರೋ ಒಳಗಿನಿಂದ ಕೊರೆದಿದ್ದಾರೆ. ಗೋಡೆ ತೆಳ್ಳಗಾಗಿದೆ, ಹಳೇ ಪರೀಕ್ಷೆ ಇನ್ನು ಲೆಕ್ಕಕ್ಕಿಲ್ಲ.