ಒಲೆ ಉರಿಯುವ ಮನೆ

ತೀರ್ಥಹಳ್ಳಿಯಿಂದ ಕೊಪ್ಪದ ಕಡೆ ಹೋಗುವಾಗ ಒಳಗೆ ಸಿಗುವ ಒಂದು ಹಳೆಯ ತೊಟ್ಟಿಮನೆಯಲ್ಲಿ ಉಳಿದಿದ್ದೇನೆ. ಸುತ್ತ ಅಡಿಕೆ ತೋಟ. ಹೋಂಸ್ಟೇ ಅಂತ ಬೋರ್ಡೂ ಇಲ್ಲ, ಗದ್ದಲವೂ ಇಲ್ಲ.

ಬೆಳಗ್ಗೆ ಹಂಡೆ ತುಂಬ ಬಿಸಿನೀರು. ತಿಂಡಿಗೆ ಕಡುಬು, ಕಾಯಿಚಟ್ನಿ, ಮೇಲೆ ಜೋನಿಬೆಲ್ಲ, ತುಪ್ಪ. "ಇನ್ನೊಂದು ಹಾಕ್ಕೊಳ್ಳಿ, ನಾಚ್ಕೋಬೇಡಿ" ಅಂತ ಮನೆಯ ಅಮ್ಮ ಬಡಿಸುತ್ತಲೇ ಇರುತ್ತಾರೆ.

ಈಗ ಕೊಯ್ಲಿನ ಕಾಲ ಅಲ್ವಾ, ಸಂಜೆ ಸುಲಿಯುವವರೆಲ್ಲ ಮೆಟ್ಟುಗತ್ತಿಯ, ಅಂದರೆ ಅಡಿಕೆ ಸುಲಿಯುವ ಕತ್ತಿಯ, ಮುಂದೆ ಕೂರುತ್ತಾರೆ. ಒಂದು ಕಾಯಿ ಕತ್ತಿಗೆ ಒತ್ತಿದರೆ ಸಿಪ್ಪೆ ಒಂದು ಕಡೆ, ಅಡಿಕೆ ಒಂದು ಕಡೆ. ಕೈ ನೋಡುವ ಹಾಗೇ ಇಲ್ಲ, ಅಷ್ಟು ವೇಗ. ಸುಲಿದ ಅಡಿಕೆ ಅಂಗಳದ ಮೂಲೆಯಲ್ಲಿ ಚೊಗರಿನ, ಅಂದರೆ ಹಿಂದೆ ಅಡಿಕೆ ಬೇಯಿಸಿ ಉಳಿದ ನೀರಿನ, ಜೊತೆ ಬೇಯುತ್ತಿರುತ್ತದೆ. ಆ ಒಗರು ವಾಸನೆ ನನ್ನ ಶಾಲಿಗೂ ಹತ್ತಿದೆ.

ಮಕ್ಕಳು ಬೆಂಗಳೂರಲ್ಲಿ. ಇಷ್ಟು ದೊಡ್ಡ ಮನೆಗೆ ಇಬ್ಬರೇ. ಅತಿಥಿಗಳನ್ನು ಯಾಕೆ ಇಟ್ಟುಕೊಳ್ತೀರಿ ಅಂತ ಯಜಮಾನರನ್ನು ಕೇಳಿದೆ. "ಒಲೆ ಉರೀತಿದ್ರೆ ಹೊಗೆಗೆ ಅಟ್ಟದ ಮರ ಒಣಗಿರ್ತದೆ. ಬೀಗ ಹಾಕಿದ್ರೆ ಎರಡು ಮಳೆಗಾಲಕ್ಕೆ ಗೆದ್ದಲು ಹಿಡೀತದೆ" ಅಂದರು. ದುಡ್ಡಿನ ಮಾತೇ ಬರಲಿಲ್ಲ.

ನಿನ್ನೆ ಕುಪ್ಪಳಿಯ ಕವಿಮನೆಗೆ ಹೋಗಿದ್ದೆ. ಕುವೆಂಪು ಬೆಳೆದ ಮನೆ ಈಗ ವಸ್ತುಸಂಗ್ರಹಾಲಯ, ಚೆನ್ನಾಗಿ ಕಾಪಾಡಿದ್ದಾರೆ. ಆದರೆ ಮಲೆನಾಡಿನ ಎಲ್ಲ ಮನೆಗೂ ಆ ಭಾಗ್ಯ ಇರಲ್ಲ. ಬಂದು ಉಂಡು ಮಲಗುವವರಿಂದಲೇ ಕೆಲವು ಉಳಿಯಬೇಕೇನೋ.

ಈ ಕಡೆ ಬಂದರೆ ಲಾಡ್ಜ್ ಹುಡುಕಬೇಡಿ. ಇಂಥ ಮನೆಯಲ್ಲೇ ಉಳಿಯಿರಿ. ಮೊದಲೇ ಫೋನ್ ಮಾಡಿ, ಕಡುಬಿಗೆ ಹಿಂದಿನ ದಿನವೇ ಹೇಳಬೇಕು.