ಪೇರಯ್ಯ ನಡೆದ ದಾರಿ, ಒಂಗೋಲಿನ ಸಭೆ

ಒಂಗೋಲು
ಬುಧವಾರ, 3 ಜುಲೈ 2024

1878ರ ಜುಲೈ 3 ಕೂಡ ಬುಧವಾರವೇ. ಅಂದು ಆಂಧ್ರದ ಈ ಊರಿಗೆ ಸುಮಾರು ಹತ್ತು ಮೈಲಿ ಉತ್ತರಕ್ಕಿರುವ ವೆಲ್ಲಂಪಲ್ಲಿಯ ಬಳಿ, ಗುಂಡ್ಲಕಮ್ಮ ನದಿಯಲ್ಲಿ, ಬೆಳಗಿನಿಂದ ಸಂಜೆಯೊಳಗೆ 2,222 ಜನರು ದೀಕ್ಷಾಸ್ನಾನ ಪಡೆದರು. ಬ್ಯಾಪ್ಟಿಸ್ಟ್ ಮಿಷನ್ನಿನ ಚರಿತ್ರೆಯನ್ನು ಮೇಲುಮೇಲಕ್ಕೆ ಓದಿದವರಿಗೂ ಗೊತ್ತಿರುವ ಅಂಕಿ ಇದು, ನಾನು ಇಲ್ಲಿಗೆ ಬರುವುದಕ್ಕೂ ಮೊದಲ ಕಾರಣ ಅದೇ. ಆದರೆ ನದಿಯ ದಂಡೆಯನ್ನು ನೋಡಿ ಬಂದು ಟಿಪ್ಪಣಿಗಳನ್ನು ಹರಡಿಕೊಂಡು ಕುಳಿತಾಗ, ಆ ಒಂದು ದಿನಕ್ಕಿಂತ ಅದರ ಹಿಂದಿನ ಹನ್ನೆರಡು ವರ್ಷಗಳ ವಿಷಯವನ್ನು ಬರೆದಿಡುವುದೇ ಸರಿಯೆಂದು ತೋರುತ್ತಿದೆ. ಒಂಗೋಲಿನ ಈ ಸಭೆ, ಎಂದರೆ ಕ್ರೈಸ್ತ ವಿಶ್ವಾಸಿಗಳ ಕೂಟ, ಪಟ್ಟಣದಲ್ಲಿ, ಕಾಗದದ ಮೇಲೆ, ಸ್ಥಾಪನೆಯಾಯಿತು. ಅದು ಬೆಳೆದದ್ದು ಹಳ್ಳಿಗಳ ಹೊರಗಿನ ಕೇರಿಗಳಲ್ಲಿ, ಚರ್ಮದ ಕೆಲಸ ಮಾಡುವವರು ವ್ಯಾಪಾರಕ್ಕೂ ನೆಂಟಸ್ತನಕ್ಕೂ ನಡೆದಾಡುತ್ತಿದ್ದ ದಾರಿಗಳ ಉದ್ದಕ್ಕೂ.

ಅಮೆರಿಕದ ಬ್ಯಾಪ್ಟಿಸ್ಟರ ತೆಲುಗು ಮಿಷನ್ 1836ರಲ್ಲಿ ಸ್ಯಾಮ್ಯುಯೆಲ್ ಡೇ ಅವರಿಂದ ಆರಂಭವಾಗಿ, 1840ರಲ್ಲಿ ನೆಲ್ಲೂರಿನಲ್ಲಿ ನೆಲೆನಿಂತಿತು. ಸೇರಿದವರು ಬೆರಳೆಣಿಕೆಯಷ್ಟು ಜನ. ಇದನ್ನು ಮುಚ್ಚಿಬಿಡಬೇಕೆಂಬ ಮಾತು ಅಮೆರಿಕದ ಸಭೆಗಳಲ್ಲಿ ಮತ್ತೆ ಮತ್ತೆ ಎದ್ದಿತು. ಭೂಪಟದಲ್ಲಿ ಬರ್ಮಾದ ಕಡೆ ಹಲವು ಠಾಣೆಗಳ ಗುರುತುಗಳಿದ್ದು ತೆಲುಗು ನಾಡಿಗೆ ಒಂದೇ ಒಂದು ಗುರುತು ಇದ್ದುದರಿಂದ ಇದಕ್ಕೆ ಒಂಟಿ ನಕ್ಷತ್ರದ ಮಿಷನ್ ಎಂಬ ಹೆಸರೇ ಬಿದ್ದಿತು. 1854ರ ಜನವರಿ 1ರ ಮುಂಜಾನೆ ಮಿಷನರಿ ಲೈಮನ್ ಜುವೆಟ್ ದಂಪತಿಗಳೂ ಅವರ ಜೊತೆಗಿದ್ದ ಮೂವರು ತೆಲುಗು ಕ್ರೈಸ್ತರೂ ಒಂಗೋಲಿನ ಗುಡ್ಡವೊಂದನ್ನು ಹತ್ತಿ ಈ ಸೀಮೆಗಾಗಿ ಪ್ರಾರ್ಥನೆ ಮಾಡಿದರೆಂಬುದನ್ನು ಇಲ್ಲಿನವರು ಇಂದಿಗೂ ಹೇಳುತ್ತಾರೆ. ಆ ಬೆಳಗಿನ ಬಗ್ಗೆ ಬರೆದವರು ಬಹಳ ಮಂದಿ ಇರುವುದರಿಂದ ನಾನು ಅಲ್ಲಿ ನಿಲ್ಲುವುದಿಲ್ಲ.

ಈ ಮಿಷನ್ನಿನ ಬೋಧಕ ಜಾನ್ ಎವರೆಟ್ ಕ್ಲಫ್ 1865ರಲ್ಲಿ ಭಾರತಕ್ಕೆ ಬಂದು, ಮರುವರ್ಷ ಪತ್ನಿ ಹ್ಯಾರಿಯೆಟ್ ಜೊತೆ ಒಂಗೋಲಿನಲ್ಲಿ ನೆಲೆಸಿದರು. ಅವರು ಅಯೋವಾದ ಬಯಲಿನಲ್ಲಿ ಬೆಳೆದವರು. ಬೋಧಕರಾಗುವುದಕ್ಕೆ ಮೊದಲು ಸರ್ಕಾರಿ ಭೂಮಾಪನದ ಕೆಲಸ ಮಾಡಿದ್ದವರು. ಈ ಎರಡನೆಯ ಸಂಗತಿ ಮುಂದೆ ಬರಗಾಲದಲ್ಲಿ ಉಪಯೋಗಕ್ಕೆ ಬಂದಷ್ಟು ಅವರ ದೇವಜ್ಞಾನದ ಶಿಕ್ಷಣವೂ ಬರಲಿಲ್ಲವೇನೋ ಎಂದು ನನಗೆ ಅನ್ನಿಸುತ್ತದೆ.

ಅವರು ಬರುವ ಹೊತ್ತಿಗೇ ಕೆಲಸ ಒಬ್ಬರ ಮನಸ್ಸಿನಲ್ಲಿ ಆರಂಭವಾಗಿತ್ತು. ಯರ್ರಗುಂಟ್ಲ ಪೇರಯ್ಯ ಮಾದಿಗ ಸಮುದಾಯದವರು. ಚರ್ಮದ ವ್ಯಾಪಾರಕ್ಕಾಗಿ ಉತ್ತರದ ಗೋದಾವರಿ ಸೀಮೆಯವರೆಗೂ ನಡೆದು ಹೋಗಿಬರುತ್ತಿದ್ದವರು. ಅದಕ್ಕೂ ಮೊದಲು ಅವರು ಒಬ್ಬ ಮಹಿಳಾ ಗುರುವಿನಿಂದ ರಾಜಯೋಗದ ಉಪದೇಶ ಪಡೆದು, ತಾವೇ ಹಲವರಿಗೆ ಗುರುವಿನ ಸ್ಥಾನದಲ್ಲಿದ್ದರು. ತತ್ತ್ವಪದಗಳನ್ನು ಹಾಡುವ, ವಿಗ್ರಹಪೂಜೆಯನ್ನೂ ಜಾತಿಯ ಮೇಲುಕೀಳನ್ನೂ ಪ್ರಶ್ನಿಸುವ ಇಂಥ ಗುರುಪರಂಪರೆಗಳು ನಮ್ಮ ನಾಡಿನ ದಲಿತ ಕೇರಿಗಳಿಗೂ ಅಪರಿಚಿತವಲ್ಲ. ಉತ್ತರದ ಒಂದು ಪ್ರವಾಸದಲ್ಲಿ ಅಲ್ಲಿನ ಮಿಷನರಿಗಳಿಂದ ಕ್ರಿಸ್ತನ ವಿಷಯವನ್ನು ಕೇಳಿದ ಪೇರಯ್ಯನವರು ಊರಿಗೆ ಹಿಂದಿರುಗಿ, ಯಾವ ಬೋಧಕನೂ ಬರುವ ಮೊದಲೇ, ತಾವು ಕೇಳಿದ್ದನ್ನು ತಮ್ಮವರಿಗೆ ಹೇಳತೊಡಗಿದರು. 1866ರಲ್ಲಿ ಅವರೂ ಅವರ ಪತ್ನಿಯೂ ದೀಕ್ಷಾಸ್ನಾನ ಪಡೆದರು. ಹೊಸ ಮತವನ್ನು ಅವರ ಕೇರಿಗೆ ತಂದದ್ದು ಪರದೇಶದವರ ಡೇರೆಯಲ್ಲ, ಚರ್ಮದ ಮೂಟೆ ಹೊತ್ತು ತಿರುಗುತ್ತಿದ್ದ ಅವರದೇ ಹಿರಿಯ. ಯೋಗದ ಗುರುವಾಗಿ ಅವರಿಗೆ ಆಗಲೇ ಇದ್ದ ಗೌರವವೂ ಅವರ ಮಾತಿನ ಜೊತೆಗೆ ನಡೆದು ಬಂದಿತು.

ಒಂಗೋಲಿನ ಸಭೆ ವಿಧಿಪೂರ್ವಕವಾಗಿ ಸ್ಥಾಪನೆಯಾದದ್ದು 1867ರ ಜನವರಿ 1ರಂದು, ಎಂಟು ಜನ ಸದಸ್ಯರಿಂದ. ಅದೇ ತಿಂಗಳು ಪೇರಯ್ಯನವರ ಕರೆಯ ಮೇರೆಗೆ ಕ್ಲಫ್ ತಲ್ಲಕೊಂಡಪಾಡಿಗೆ ಹೋದರು. ಸುತ್ತಲಿನ ಊರುಗಳಿಂದ ಗಂಡಸರೂ ಹೆಂಗಸರೂ ಕೆಲವು ದಿನಗಳಿಗೆ ಬೇಕಾಗುವ ಆಹಾರವನ್ನು ಕಟ್ಟಿಕೊಂಡು ಬಂದು, ಹುಣಸೆಯ ತೋಪಿನಲ್ಲಿ ತಂಗಿ, ಉಪದೇಶ ಕೇಳಿದರು. ಕೊನೆಗೆ ಅವರಲ್ಲಿ 28 ಮಂದಿ ದೀಕ್ಷಾಸ್ನಾನ ಪಡೆದರು. ದಾಖಲೆಯ ಪ್ರಕಾರ ಸ್ಥಾಪನೆಯ ದಿನ ಜನವರಿ 1 ಆಗಿರಬಹುದು. ನನ್ನನ್ನು ಕೇಳಿದರೆ ಸಭೆ ಹುಟ್ಟಿದ್ದು ಆ ತೋಪಿನಲ್ಲಿ. ಎಂಟು ಜನ ಇದ್ದದ್ದು ಮಿಷನ್ನಿನ ಆವರಣದ ಸುತ್ತ. ಈ 28 ಜನರು ತಮ್ಮ ತಮ್ಮ ಊರುಗಳಿಗೆ ಹಿಂದಿರುಗಿ ಹೋದರು.

ಪಟ್ಟಣದಲ್ಲಿ ಇದರ ಪರಿಣಾಮ ಕೂಡಲೇ ಕಾಣಿಸಿತು. ಅಲ್ಲಿಯವರೆಗೆ ಬ್ರಾಹ್ಮಣರೂ ಕೋಮಟಿಗರೂ ಮಿಷನ್ ಬಂಗಲೆಗೆ ಬಂದು ಕೇಳಿಹೋಗುತ್ತಿದ್ದರು, ಮೇಲ್ಜಾತಿಯ ಹುಡುಗರು ಶಾಲೆಗೆ ಬರುತ್ತಿದ್ದರು. ಮಾದಿಗರನ್ನು ಸೇರಿಸಿಕೊಳ್ಳುವುದಾದರೆ ತಾವು ಬರುವುದಿಲ್ಲವೆಂದು ಅವರು ಸ್ಪಷ್ಟವಾಗಿ ಹೇಳಿದರು. ಆಗ ಕ್ಲಫ್ ಒಂದು ಕೋಣೆಯಲ್ಲೂ ಹ್ಯಾರಿಯೆಟ್ ಇನ್ನೊಂದರಲ್ಲೂ ಸತ್ಯವೇದವನ್ನು ತೆರೆದಾಗ, ಇಬ್ಬರ ಕಣ್ಣಿಗೂ ಬಿದ್ದದ್ದು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಮೊದಲನೆಯ ಅಧ್ಯಾಯದ ಒಂದೇ ಭಾಗ, ಲೋಕದ ಹೀನರನ್ನು ದೇವರು ಆರಿಸಿಕೊಂಡನೆಂಬ ವಚನಗಳು, ಎಂದು ಸಭೆಯ ಪರಂಪರೆ ಹೇಳುತ್ತದೆ. ಕಥೆ ತೀರ ಅಚ್ಚುಕಟ್ಟಾಗಿದೆಯೆಂದು ಸಂಶಯಪಡುವವರು ಪಡಲಿ, ನಿರ್ಧಾರದ ಬಗ್ಗೆ ಸಂಶಯವಿಲ್ಲ: ಮಾದಿಗರು ಉಳಿದರು, ಮೇಲ್ಜಾತಿಯ ವಿದ್ಯಾರ್ಥಿಗಳು ಶಾಲೆ ಬಿಟ್ಟರು.

ಮೊದಲಿಗೆ ಸಭೆ ಸೇರುವವರಿಗೆ ಬೋಧಿಸುತ್ತಿದ್ದ ನಿಯಮಗಳು ಮೂರೇ: ಭಾನುವಾರ ಕೆಲಸ ಮಾಡಬಾರದು, ಸತ್ತ ಪ್ರಾಣಿಯ ಮಾಂಸ ತಿನ್ನಬಾರದು, ವಿಗ್ರಹಗಳಿಗೆ ಪೂಜೆ ಸಲ್ಲಿಸಬಾರದು. ಕಾಗದದ ಮೇಲೆ ಇವು ಸಣ್ಣ ನಿಯಮಗಳಾಗಿ ಕಾಣುತ್ತವೆ. ಹಳ್ಳಿಯಲ್ಲಿ ಇವುಗಳ ಅರ್ಥವೇ ಬೇರೆ. ಮಾದಿಗರು ಊರಿಗೆ ಚಪ್ಪಲಿ ಹೊಲಿದು, ಬಾವಿಯಿಂದ ಹೊಲಕ್ಕೆ ನೀರೆತ್ತುವ ಕಪಿಲೆಗೆ ಚರ್ಮದ ಬಾನಿ ಮಾಡಿ, ಸತ್ತ ದನವನ್ನು ಎಳೆದು, ಜಾತ್ರೆಯಲ್ಲಿ ತಮಟೆ ಬಡಿದು, ಅದಕ್ಕೆ ಪ್ರತಿಯಾಗಿ ಸುಗ್ಗಿಯಲ್ಲಿ ಕಣದ ಪಾಲನ್ನು ಪಡೆಯುತ್ತಿದ್ದವರು. ಭಾನುವಾರ ಕೆಲಸಕ್ಕೆ ಬಾರದಿರುವುದೆಂದರೆ ರೆಡ್ಡಿಯ ಹೊಲಕ್ಕೆ ಒಂದು ದಿನ ನೀರು ನಿಂತಂತೆ. ದೇವತೆಯ ಹಬ್ಬದಲ್ಲಿ ತಮಟೆ ಬಡಿಯದಿರುವುದೆಂದರೆ ಊರಿಗೆ ಬರುವ ರೋಗರುಜಿನಕ್ಕೆಲ್ಲ ಹೊಣೆ ಹೊತ್ತಂತೆ. ಹೀಗಾಗಿ ಪ್ರತಿಭಟನೆ ತೀವ್ರವಾಗಿಯೇ ಬಂತು. ನೀರಿನ ತಾಣಗಳನ್ನು ಮುಚ್ಚಿದರು, ಕೂಲಿ ನಿಲ್ಲಿಸಿದರು, ಊರಿನ ಲೆಕ್ಕ ಬರೆಯುವ ಕರಣಂಗಳೂ ಊರ ಮುಖ್ಯಸ್ಥರಾದ ಮುನಸಬರೂ ಸುಳ್ಳು ಮೊಕದ್ದಮೆ ಹೂಡಿಸಿದರು. ಪೀಡನೆಯ ಈ ಪ್ರಕರಣಗಳನ್ನು ಓದುವಾಗ, ಮತಾಂತರ ಒಬ್ಬೊಬ್ಬರ ಅಂತರಂಗದ ವಿಷಯವೆಂಬ ಪಟ್ಟಣದ ಕಲ್ಪನೆ ಇಲ್ಲಿಗೆ ಹೊಂದುವುದೇ ಇಲ್ಲವೆಂಬುದು ಗೊತ್ತಾಗುತ್ತದೆ. ಒಂದು ಕೇರಿ ಇಡೀ ಊರಿನ ವ್ಯವಸ್ಥೆಯಿಂದ ಮೂರು ಕೊಂಡಿಗಳನ್ನು ಕಳಚಿಕೊಳ್ಳುತ್ತಿತ್ತು. ಒಬ್ಬನೇ ಕಳಚಿಕೊಂಡರೆ ಉಳಿಯುವಂತಿರಲಿಲ್ಲ, ನೆಂಟರೆಲ್ಲ ಜೊತೆಗೆ ಬಂದರೆ ಮಾತ್ರ ಬದುಕಬಹುದಿತ್ತು. ಮನೆತನಗಳು ಗುಂಪುಗುಂಪಾಗಿ ಸಭೆ ಸೇರಿದ್ದಕ್ಕೆ ಇದೂ ಒಂದು ಕಾರಣ.

ಸಭೆಯ ಕಟ್ಟುಪಾಡಿನಲ್ಲೂ ಒಂದು ವಿಚಿತ್ರವಿದೆ. ಪ್ರತಿಯೊಂದು ಊರಿನ ವಿಶ್ವಾಸಿಗಳ ಕೂಟವೂ ತನ್ನಷ್ಟಕ್ಕೆ ಸ್ವತಂತ್ರವಾದ ಸಭೆಯೆಂಬುದು ಬ್ಯಾಪ್ಟಿಸ್ಟರ ಮೂಲತತ್ತ್ವ; ಅವರ ಮೇಲೆ ಬಿಷಪರಿಲ್ಲ, ಧರ್ಮಪ್ರಾಂತವಿಲ್ಲ. ಆದರೆ ಇಲ್ಲಿ ನೂರಾರು ಹಳ್ಳಿಗಳಲ್ಲಿ ಚದುರಿದ ಸಾವಿರಾರು ಜನರು ಒಂಗೋಲಿನ ಒಂದೇ ಸಭೆಯ ಸದಸ್ಯರಾಗಿ ಎಣಿಕೆಯಾಗುತ್ತಿದ್ದರು, ಹಾಗಾಗಿ ಜಗತ್ತಿನಲ್ಲೇ ಅತಿ ದೊಡ್ಡ ಬ್ಯಾಪ್ಟಿಸ್ಟ್ ಸಭೆಯೆಂಬ ಹೆಸರು ಈ ಹಳ್ಳಿಗರ ಪಾಲಿಗೆ ಬಂತು. ಮೂರು ತಿಂಗಳಿಗೊಮ್ಮೆ, ಹಳ್ಳಿಗಳಲ್ಲಿ ಬೋಧಿಸುತ್ತಿದ್ದ ತೆಲುಗು ಉಪದೇಶಿಗಳು ಒಂಗೋಲಿಗೆ ಬಂದು ತಮ್ಮ ಊರುಗಳ ವರದಿ ಒಪ್ಪಿಸಿ, ಪಾಠ ಕೇಳಿ ಹೋಗುತ್ತಿದ್ದರು. ಕೇರಿಯ ವ್ಯಾಜ್ಯಗಳನ್ನು ಹಿರಿಯರ ಪಂಚಾಯಿತಿಯೇ ತೀರ್ಮಾನಿಸುತ್ತಿತ್ತು. ಆ ಪಂಚಾಯಿತಿಯನ್ನು ಕ್ಲಫ್ ಕಿತ್ತುಹಾಕದೆ ಸಭೆಯ ಕೆಲಸಕ್ಕೆ ಬಳಸಿಕೊಂಡರು. ಅಮೆರಿಕದ ಮಾದರಿಯ ಮತದಾನ, ಡೀಕನರೆಂಬ ಸಭಾಸೇವಕರ ಆಯ್ಕೆ, ವಾರದ ಲೆಕ್ಕಪತ್ರ ಇವನ್ನೆಲ್ಲ ಮೊದಲ ದಿನದಿಂದಲೇ ಹೇರಿದ್ದರೆ ಈ ಸಭೆ ಬಂಗಲೆಯ ಕಾಂಪೌಂಡು ದಾಟುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಉಪದೇಶಿಗಳ ತರಬೇತಿಗಾಗಿ 1870ರ ದಶಕದಲ್ಲಿ ರಾಮಪಟ್ಣಂನಲ್ಲಿ ಸೆಮಿನರಿಯೂ ಆರಂಭವಾಯಿತು.

ನಂತರ ಬಂದದ್ದು ಧಾತು, ಈಶ್ವರ ಸಂವತ್ಸರಗಳ (1876–78) ಬರ. ಹಳೆಯ ಮೈಸೂರು ಸೀಮೆಯ ಜನರಲ್ಲಿ ಐದರಲ್ಲೊಂದು ಪಾಲನ್ನು ನುಂಗಿದ, ಬಳ್ಳಾರಿ ಜಿಲ್ಲೆಯನ್ನು ಬರಿದು ಮಾಡಿದ ಆ ಬರವೇ ಇಲ್ಲಿಯೂ. ಮದ್ರಾಸ್ ಸರ್ಕಾರ ಕರಾವಳಿಯ ಬಕಿಂಗ್‌ಹ್ಯಾಮ್ ಕಾಲುವೆಯನ್ನು ಬರಪರಿಹಾರದ ಕಾಮಗಾರಿಯಾಗಿ ತೋಡಿಸುತ್ತಿತ್ತು. ಸರ್ಕಾರದ ಕೂಲಿ ಶಿಬಿರಗಳಲ್ಲಿ ಮೇಸ್ತ್ರಿಗಳು ತಮ್ಮವರನ್ನು ಹೀನಾಯವಾಗಿ ನಡೆಸಿಕೊಳ್ಳುವರೆಂಬ ಭಯವಿದ್ದುದರಿಂದ, ಭೂಮಾಪನ ಬಲ್ಲ ಕ್ಲಫ್ ತಾವೇ ಮೂರೂವರೆ ಮೈಲಿಯ ಕಾಲುವೆಯ ಗುತ್ತಿಗೆ ಹಿಡಿದು, ರಾಜುಪಾಲೆಂನಲ್ಲಿ ಶಿಬಿರ ಹಾಕಿ, ತಮ್ಮ ಉಪದೇಶಿಗಳನ್ನೇ ಮೇಲ್ವಿಚಾರಕರನ್ನಾಗಿ ಮಾಡಿದರು. ದೂರದೂರದ ತಾಲ್ಲೂಕುಗಳಿಂದ ಸಾವಿರಾರು ಜನ ಬಂದು ಮಣ್ಣು ಅಗೆದರು. ದಣಿದು ಕುಳಿತವರ ಬಳಿ ಉಪದೇಶಿ ಕುಳಿತು ಮಾತಾಡುತ್ತಿದ್ದ. ಅವನೂ ಅವರ ಜಾತಿಯವನೇ, ಅನೇಕ ವೇಳೆ ದೂರದ ನೆಂಟನೂ ಹೌದು. ವರ್ಷಗಳ ಕಾಲ ಹಳ್ಳಿ ಹಳ್ಳಿ ಅಲೆದರೂ ಸಿಗದಷ್ಟು ಜನ ಒಂದೇ ಕಡೆ ಸಿಕ್ಕಿದರು, ಹಿಂದಿರುಗುವಾಗ ಮಾತು ಅವರೊಡನೆ ಊರುಗಳಿಗೆ ಹೋಯಿತು.

ಬರದ ಹದಿನೈದು ತಿಂಗಳ ಕಾಲ ಕ್ಲಫ್ ಒಬ್ಬರಿಗೂ ದೀಕ್ಷಾಸ್ನಾನ ಕೊಡಲಿಲ್ಲ. ಹಸಿದವನ ಕೈಗೆ ಕೂಲಿ ಹಾಕುವವನೇ ಅವನ ವಿಶ್ವಾಸವನ್ನೂ ಅಳೆಯಬಾರದೆಂಬುದು ಅವರ ಕಾರಣ. ಈ ತಡೆಯನ್ನು ನಾನು ಅವರ ಇಡೀ ಜೀವನದ ಅತಿ ದೊಡ್ಡ ತೀರ್ಮಾನವೆಂದು ಎಣಿಸುತ್ತೇನೆ. 1878ರಲ್ಲಿ ಪರಿಹಾರದ ಹಣವೆಲ್ಲ ಮುಗಿದ ಮೇಲೆ ಅವರು ಉಪದೇಶಿಗಳನ್ನೂ ಸದಸ್ಯರನ್ನೂ ಮಾತ್ರ ವೆಲ್ಲಂಪಲ್ಲಿಗೆ ಕರೆದರು. ಬಂದವರಲ್ಲಿ ಇನ್ನೂ ಸಭೆ ಸೇರದ ಸಾವಿರಾರು ಜನರಿದ್ದರು. ಕೊಡುವುದಕ್ಕೆ ತಮ್ಮ ಬಳಿ ಏನೂ ಉಳಿದಿಲ್ಲ, ಊರಿಗೆ ಹೋಗಿ ಎಂದರೆ ಅವರು ಹೋಗಲಿಲ್ಲ: ನಮಗೆ ಹಣ ಬೇಡ, ದುಡಿದ ಕೈಗಳ ಬೊಬ್ಬೆಗಳನ್ನು ನೋಡಿ, ಮುಂದಿನ ಬೆಳೆಯೂ ಕೈಕೊಟ್ಟರೆ ಸಾಯುತ್ತೇವೆ, ಸಾಯುವುದಾದರೆ ಕ್ರೈಸ್ತರಾಗಿಯೇ ಸಾಯುತ್ತೇವೆ ಎಂಬ ಅರ್ಥದ ಮಾತನ್ನು ಅವರು ಆಡಿದರೆಂದು ಕ್ಲಫ್ ಮುಂದೆ ನೆನೆದಿದ್ದಾರೆ.

ಆಯಾ ಊರಿನ ಉಪದೇಶಿ ತನ್ನವರನ್ನು ಗುರುತಿಸಿ ವಿಚಾರಿಸುವುದು, ಬರೆಯುವವರು ಹೆಸರು ಬರೆದುಕೊಳ್ಳುವುದು, ಬಳಿಕ ನೀರಿಗಿಳಿಯುವುದು, ಇದು ಅಲ್ಲಿನ ಕ್ರಮ. ಜುಲೈ 2ರಂದು 614, 3ರಂದು 2,222, 4ರಂದು 700, ಮೂರು ದಿನಗಳಲ್ಲಿ ಒಟ್ಟು 3,536. ಕ್ಲಫ್ ಸ್ವತಃ ನೀರಿಗಿಳಿಯಲಿಲ್ಲ. ಅಭಿಷಿಕ್ತರಾದ ಆರು ಜನ ತೆಲುಗು ಬೋಧಕರು ಸರದಿಯ ಮೇಲೆ, ಒಂದು ಸಲಕ್ಕೆ ಇಬ್ಬರಂತೆ, ನದಿಯಲ್ಲಿ ನಿಂತರು. ಎರಡನೆಯ ದಿನದ ಕೆಲಸಕ್ಕೆ ಸುಮಾರು ಒಂಬತ್ತು ಗಂಟೆ ಹಿಡಿಯಿತೆಂದರೆ, ಲೆಕ್ಕ ಹಾಕಿದರೆ ಒಬ್ಬೊಬ್ಬರಿಗೆ ಅರ್ಧ ನಿಮಿಷದಷ್ಟು ಸಮಯ. ಸತ್ಯವೇದದಲ್ಲಿ ಹೇಳಿರುವ ಪೆಂತೆಕೋಸ್ತ ದಿನದಲ್ಲಿ ಮೂರು ಸಾವಿರ ಜನರನ್ನು ನೀರಿನಲ್ಲಿ ಮುಳುಗಿಸುವುದು ಸಾಧ್ಯವಿರಲಿಲ್ಲ, ಬರಿಯ ನೀರು ಚಿಮುಕಿಸಿರಬೇಕು ಎಂದು ವಾದಿಸುತ್ತಿದ್ದ ಇತರ ಸಭೆಗಳವರಿಗೆ, ದೀಕ್ಷಾಸ್ನಾನವನ್ನು ಪೂರ್ತಿ ಮುಳುಗಿಸಿಯೇ ಕೊಡಬೇಕೆನ್ನುವ ಬ್ಯಾಪ್ಟಿಸ್ಟರು ಬಹುಕಾಲ ಈ ಲೆಕ್ಕವನ್ನೇ ಮುಂದಿಟ್ಟರು. ಹಸಿವಿನಿಂದ ಬದುಕಿ ಬಂದವರ ದಿನವೊಂದು ದೇವಜ್ಞರ ತರ್ಕಕ್ಕೆ ಇಂಧನವಾದದ್ದು ನನಗೆ ಅಷ್ಟಾಗಿ ಹಿಡಿಸಲಿಲ್ಲ.

ವರ್ಷಾಂತ್ಯಕ್ಕೆ ಆ ಸಾಲಿನ ದೀಕ್ಷಾಸ್ನಾನಗಳ ಸಂಖ್ಯೆ 9,606 ಆಯಿತು, ಸಭೆಯ ಸದಸ್ಯರು ಹನ್ನೆರಡು ಸಾವಿರ ದಾಟಿದರು. ಅನ್ನಕ್ಕಾಗಿ ಬಂದವರೆಂಬ ಟೀಕೆ ಭಾರತದಲ್ಲೂ ಅಮೆರಿಕದಲ್ಲೂ ಎದ್ದಿತು. ಬರ ಕಳೆದ ಮೇಲೂ ಜನ ಸೇರುತ್ತಲೇ ಇದ್ದು, ಕೆಲವೇ ವರ್ಷಗಳಲ್ಲಿ ಸಂಖ್ಯೆ ಇಪ್ಪತ್ತು ಸಾವಿರವನ್ನು ಮೀರಿದ್ದು ಆ ಟೀಕೆಗೆ ಸಾಕಷ್ಟು ಉತ್ತರ. ಆದರೆ ಟೀಕೆಯಲ್ಲಿ ಏನೂ ಸತ್ಯವಿರಲಿಲ್ಲವೆಂದು ನಾನು ಹೇಳಲಾರೆ. ಬರ, ಊರಿನ ದಬ್ಬಾಳಿಕೆ, ಓದುಬರಹದ ಆಸೆ, ಪೇರಯ್ಯನವರ ಮಾತು ಇವುಗಳಲ್ಲಿ ಯಾವುದು ಯಾರನ್ನು ಕರೆತಂದಿತೆಂದು ಬಿಡಿಸಿ ನೋಡುವ ತಕ್ಕಡಿ ಯಾರ ಬಳಿಯೂ ಇರಲಿಲ್ಲ.

ಇಷ್ಟು ದೊಡ್ಡದಾದದ್ದು ಒಂದಾಗಿ ಉಳಿಯುವಂತಿರಲಿಲ್ಲ. 1880ರ ದಶಕದಿಂದ ನರಸರಾವುಪೇಟೆ, ವಿನುಕೊಂಡ, ಕಂಭಂ ಮೊದಲಾದ ಕಡೆ ಬೇರೆ ಬೇರೆ ಠಾಣೆಗಳೂ ಹಳ್ಳಿಗಳಲ್ಲಿ ಬೇರೆ ಬೇರೆ ಸಭೆಗಳೂ ರೂಪುಗೊಂಡವು. ಕ್ಲಫ್ 1910ರಲ್ಲಿ ಅಮೆರಿಕದಲ್ಲಿ ತೀರಿಕೊಂಡರು. ಮಾದಿಗರ ಯೋಗಪರಂಪರೆಯ ಬಗ್ಗೆ ನಮಗೆ ಇಷ್ಟು ತಿಳಿದಿರುವುದು ಬಹುಪಾಲು ಅವರ ಎರಡನೆಯ ಪತ್ನಿ ಎಮ್ಮಾ ರೌಶನ್‌ಬುಶ್ ಕ್ಲಫ್ ಅವರು ಉಪದೇಶಿಗಳನ್ನೇ ಕೂರಿಸಿಕೊಂಡು ಕೇಳಿ ಬರೆದುಕೊಂಡದ್ದರಿಂದ. ಅಮೆರಿಕನ್ ಮಿಷನ್ನಿನ ಹೊಣೆ ಕ್ರಮೇಣ ತೆಲುಗರ ಕೈಗೆ ಬಂದು, ಈಗ ಈ ಸಭೆಗಳು ನೆಲ್ಲೂರಿನಲ್ಲಿ ಕೇಂದ್ರವಿರುವ ತೆಲುಗು ಬ್ಯಾಪ್ಟಿಸ್ಟ್ ಸಭೆಗಳ ಸಮಾವೇಶಕ್ಕೆ ಸೇರಿವೆ.

ನದಿಯ ದಂಡೆಯಲ್ಲಿ ಹೆಸರು ಬರೆಸಿಕೊಂಡವರ ಮೊಮ್ಮಕ್ಕಳ ಕಾಲಕ್ಕೆ ಹೆಸರು ಬರೆಸುವುದೇ ಇಕ್ಕಟ್ಟಿನ ವಿಷಯವಾಯಿತು. ಪರಿಶಿಷ್ಟ ಜಾತಿಯ ಸ್ಥಾನವನ್ನು 1950ರ ರಾಷ್ಟ್ರಪತಿ ಆದೇಶ, ಕೆಲವೇ ಸಿಖ್ ಜಾತಿಗಳನ್ನು ಬಿಟ್ಟರೆ, ಹಿಂದೂಗಳಿಗೆ ಮಾತ್ರ ಕೊಟ್ಟಿತು. 1956ರಲ್ಲಿ ಉಳಿದ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ವಿಸ್ತರಿಸಿತು. ಕ್ರೈಸ್ತರಿಗೆ ಇಂದಿಗೂ ಇಲ್ಲ. ಆಂಧ್ರದಲ್ಲಿ ಕ್ರೈಸ್ತರಾದ ಪರಿಶಿಷ್ಟರು ಹಿಂದುಳಿದ ವರ್ಗಗಳ ‘ಸಿ’ ಗುಂಪಿನಲ್ಲಿ ಶೇ. 1ರ ಮೀಸಲಾತಿಗೆ ಸೇರುತ್ತಾರೆ. ಕೇರಿ ಒಂದೇ, ಬಾವಿ ಒಂದೇ, ಊರಿನವರು ನೋಡುವ ನೋಟವೂ ಒಂದೇ ಆಗಿದ್ದರೂ ಜಾತಿ ಪ್ರಮಾಣಪತ್ರ ಮಾತ್ರ ಎರಡು ಬಗೆಯದಾಗುವ ಈ ಸ್ಥಿತಿಯಲ್ಲಿ, ಭಾನುವಾರ ಪ್ರಾರ್ಥನೆಗೆ ಕೂಡುವವರ ಸಂಖ್ಯೆಗೂ ಜನಗಣತಿಯ ಕ್ರೈಸ್ತರ ಸಂಖ್ಯೆಗೂ ತಾಳೆಯಾಗದಿರುವುದರಲ್ಲಿ ಆಶ್ಚರ್ಯವೇನೂ ಇಲ್ಲ.