ಹನ್ನೊಂದನೇ ಅಧ್ಯಾಯ

ಬದಿಯಡ್ಕ (ಕಾಸರಗೋಡು), 2023 ಮೇ 4, ಗುರುವಾರ

ನೀರಿಗೆಂದು ಗುಡ್ಡಕ್ಕೆ ಅಡ್ಡಲಾಗಿ ಕೊರೆದ ನಮ್ಮ ಸುರಂಗದ ನೀರು ಮೊನ್ನೆಯಿಂದ ಕಿರುಬೆರಳಿನಷ್ಟಾಗಿದೆ. ರಾತ್ರಿ ಮಲಗಿದರೆ ಕೇಳುತ್ತಿದ್ದ, ನೀರು ಹರಿಯುವ ಅಡಿಕೆಮರದ ದಂಬೆಯ ಸದ್ದೂ ಇಲ್ಲ. ಒಳಗೆ ಎಲ್ಲೋ ಮಣ್ಣು ಜಾರಿರಬೇಕೆಂದು ಇವರು ಸುರಂಗ ಕೊರೆಯುವ ಅಜ್ಜನಿಗೆ ಹೇಳಿ ಕಳಿಸಿದ್ದರು. ಎಪ್ಪತ್ತು ದಾಟಿದ ಜನ. ಏಳೂವರೆಗೇ ಪಿಕ್ಕಾಸು ಹೆಗಲಿಗೇರಿಸಿ ಬಂದರು, ಅಂಗಿಯ ಕಿಸೆಯಲ್ಲಿ ಎರಡು ಮೇಣದಬತ್ತಿ.

ನಾನು ಅಂಗಳದಲ್ಲಿ ಹಲಸಿನ ಹಪ್ಪಳ ಹರಡುತ್ತಿದ್ದೆ. ಬೆಲ್ಲ, ನೀರು ತಂದಿಟ್ಟೆ. ಕುಡಿದು ಲೋಟ ಕವುಚಿಟ್ಟು, "ಅಕ್ಕ, ನಿಮ್ಮ ಪುಸ್ತಕ ಸೊಸೆ ಓದಿ ಹೇಳಿದ್ಳು" ಅಂದರು. (ಅವರು ಆಡಿದ್ದು ತುಳು. ಬರೆಯುವಾಗ ಕನ್ನಡವಾಗುತ್ತಿದೆ.)

ಹೊಗಳುತ್ತಾರೆ ಅಂತ ಸೆರಗು ಸರಿ ಮಾಡಿಕೊಂಡೆ. ಸುಳ್ಳು ಯಾಕೆ ಹೇಳಲಿ.

"ಅದರಲ್ಲಿ ಆ ಹುಡುಗ ಹುಡುಗಿ ಮಳೆಗೆ ಸುರಂಗದೊಳಗೆ ಹೋಗಿ ಕೈ ಹಿಡ್ಕೊಂಡು ನಡೀತಾರಲ್ಲ, ಅದು ಯಾವ ಊರಿನ ಸುರಂಗ?"

"ಯಾಕೆ? ಇದೇ, ನಮ್ಮದೇ."

ಅವರು ನಗಲಿಲ್ಲ. ಎರಡೂ ಕೈ ಚಾಚಿ ಅಳತೆ ತೋರಿಸಿದರು. "ಎರಡಡಿ ಅಗಲ ಅಕ್ಕ. ಒಬ್ಬ ಹೋಗಬಹುದು, ಅವನ ಹಿಂದೆ ಇನ್ನೊಬ್ಬ. ಜೊತೆಗೆ ನಡೆಯುವುದು ಹೇಗೆ? ಮಳೆಗಾಲದಲ್ಲಿ ಯಾರಾದ್ರೂ ಒಳಗೆ ಹೋಗ್ತಾರಾ? ಮೇಲಿನ ಮಣ್ಣು ನೆನೆದು ಬಿದ್ರೆ ಹೆಣ ತೆಗೀಲಿಕ್ಕೂ ಜನ ಬೇಕು. ಮತ್ತೆ ಆ ಲಾಟೀನು. ಬತ್ತಿ ನಂದಿದ್ರೆ ಗಾಳಿ ಇಲ್ಲ ಅಂತ ಲೆಕ್ಕ, ತಿರುಗಿ ಓಡ್ಬೇಕು. ನಿಮ್ಮವರು ಅಲ್ಲಿ ಒಂದು ಗಂಟೆ ಮಾತಾಡ್ತಾರೆ!"

ಪುಸ್ತಕ ಬಂದು ಇಪ್ಪತ್ತೊಂಬತ್ತು ವರ್ಷ. ಧಾರಾವಾಹಿಯಾಗಿ ಬರುವಾಗಲೇ ರಾಶಿ ಕಾಗದ. ಕನ್ನಡದ ಹುಡುಗಿಗೆ ಚಂದ್ರಗಿರಿ ಹೊಳೆಯ ಆಚೆಯ ಮಲಯಾಳಿ ಹುಡುಗನೇ ಬೇಕಿತ್ತೇ ಅಂತ ಬೆಂಗಳೂರಿನಿಂದಲೂ ಬೈದಿದ್ದರು. ಒಬ್ಬರಂತೂ, ಗಡಿ ವಿವಾದದ ಮಹಾಜನ ವರದಿ 1967ರಲ್ಲಿ ಹೊಳೆಯ ಬಡಗು ದಡವನ್ನು ಕರ್ನಾಟಕಕ್ಕೆ ಕೊಡಿ ಅಂದಿತ್ತು, ನೀವು ನಾಯಕಿಯನ್ನು ತೆಂಕು ದಡಕ್ಕೆ ಧಾರೆ ಎರೆದು ಕೊಟ್ಟಿರಿ ಅಂತ. ಈಗ ನೆನೆದರೂ ನಗು ಬರುತ್ತದೆ. ಆಗ ಅತ್ತಿದ್ದೆ. ನಿವೃತ್ತ ಮಾಸ್ತರರೊಬ್ಬರು 1979ರ ಕಥೆಯಲ್ಲಿ ಕಾಸರಗೋಡಿಗೆ ಕಲೆಕ್ಟರು ಹೇಗೆ ಬಂದರು ಅಂತ ಕೇಳಿದ್ದರು. ಸರಿಯೇ. 1984ರ ಮೇ 24ರ ತನಕ ನಾವು ಕಣ್ಣೂರು ಜಿಲ್ಲೆಯ ಒಂದು ತಾಲೂಕು. ಪುಸ್ತಕವಾಗುವಾಗ ಕಲೆಕ್ಟರನ್ನು ತಹಶೀಲ್ದಾರ ಮಾಡಿದೆ.

ಹೋದ ವರ್ಷ ತಂಗಿಯ ಮಗಳು, "ದೊಡ್ಡಮ್ಮ, ಅವ ಎಂಟು ಅಧ್ಯಾಯ ಅವಳ ಬಸ್ಸಿನ ಹಿಂದೆ ಬಿದ್ದದ್ದನ್ನು ಈಗ ಪ್ರೀತಿ ಅಂತ ಹೇಳುದಿಲ್ಲ" ಅಂದಳು. ಅದಕ್ಕೂ ನನ್ನಲ್ಲಿ ಉತ್ತರ ಇತ್ತು. ಕಾಲ ಹಾಗಿತ್ತು, ಓದುವವರು ಕೇಳುತ್ತಿದ್ದರು, ವಾರವಾರ ಕೊನೆಗೊಂದು ಕೊಕ್ಕೆ ಹಾಕಬೇಕಿತ್ತು, ಇತ್ಯಾದಿ. ಉತ್ತರ ಅವಳಿಗೂ ಸಾಕಾಗಲಿಲ್ಲ, ನನಗೂ. ಆದರೂ ಹೇಳಲಿಕ್ಕೆ ಏನೋ ಇತ್ತಲ್ಲ.

ಎರಡಡಿಗೆ ಏನು ಹೇಳುವುದು?

ಮದುವೆಯಾಗಿ ಈ ಮನೆಗೆ ಬಂದು ಮೂವತ್ತಾರು ವರ್ಷ. ಅದೇ ಸುರಂಗದ ನೀರು ಕುಡಿದು ಬದುಕಿದ್ದೇನೆ. ಒಂದು ಸಲವೂ ಒಳಗೆ ಹೋಗಿಲ್ಲ. ಬಾಯಲ್ಲಿ ನಿಂತಾಗ ಮುಖಕ್ಕೆ ತಂಪು ಬಡಿಯುತ್ತಿತ್ತು. ಆ ತಂಪಿನಿಂದಲೇ ಇಡೀ ಅಧ್ಯಾಯ ಬರೆದದ್ದು. ಎಷ್ಟೋ ಜನ ಅದೇ ಅಧ್ಯಾಯ ಇಷ್ಟ ಅಂದಿದ್ದಾರೆ! ಅವರೂ ಹೋಗಿಲ್ಲ, ಪಾಪ.

"ನಿಮ್ಮ ಹೆಂಡತಿ ಬರ್ತಿದ್ರಾ ಕೆಲಸಕ್ಕೆ?" ಮಾತು ತಿರುಗಿಸಲಿಕ್ಕೆ ಕೇಳಿದ್ದು.

"ಮತ್ತೆ? ನಾನು ಒಳಗೆ, ಅವಳು ಬಾಯಲ್ಲಿ. ಬುಟ್ಟಿಯಲ್ಲಿ ಮಣ್ಣು ಎಳೀಬೇಕಲ್ಲ. ಮಾತು ಎಂಥ ಮಾತು, ದೂರ ಹೋದ ಮೇಲೆ ಏನೂ ಕೇಳುವುದಿಲ್ಲ. ಪಿಕ್ಕಾಸಿನ ಸದ್ದು ಮಾತ್ರ. ಅದು ನಿಂತ್ರೆ ಅವಳು ಕೂಗ್ತಿದ್ಳು. ಬೀಡಿ ಎಳೀಲಿಕ್ಕೆ ನಿಲ್ಲಿಸಿದ್ರೂ ಕೂಗ್ತಿದ್ಳು." ಕಿಸೆಯಿಂದ ಬತ್ತಿ ತೆಗೆದು ನೋಡಿ ಮತ್ತೆ ಹಾಕಿಕೊಂಡರು. "ಈಗ ಹೊರಗೆ ಮಗ ಇರ್ತಾನೆ. ಮೊಬೈಲು ನೋಡ್ತಾ."

ಎದ್ದು ಹೋದರು. ಮಧ್ಯಾಹ್ನದೊಳಗೆ ನೀರು ಮೊದಲಿನಂತಾಯಿತು, ಎರಡು ದಿನ ಕೆಂಪಗೆ ಬರುತ್ತದಂತೆ. ಹಪ್ಪಳವನ್ನು ಕಾಗೆ ಎಳೆದಿತ್ತು. ಇವರು, "ಮುಂದಿನ ವರ್ಷ ಬೋರು ತೆಗೆಸುವ" ಅಂದರು. ಪ್ರತಿ ಮೇ ತಿಂಗಳಲ್ಲೂ ಅನ್ನುತ್ತಾರೆ.

ಸಂಜೆ ಯಾರೂ ಇಲ್ಲದಾಗ ಹೋಗಿ ಬಾಯಲ್ಲಿ ನಿಂತೆ. ಸೊಂಟಕ್ಕೆ ಕೈ ಇಟ್ಟುಕೊಂಡರೆ ಎರಡೂ ಮೊಣಕೈ ಮುರಕಲ್ಲಿನ ಗೋಡೆಗೆ ತಾಗಿತು. ಪಿಕ್ಕಾಸಿನ ಗೀರುಗಳು ಓರೆಯಾಗಿ, ಎಲ್ಲವೂ ಒಂದೇ ಕಡೆಗೆ. ನಾಲ್ಕು ಹೆಜ್ಜೆ ಹೋದೆ. ಐದನೆಯದಕ್ಕೆ ಬಾವಲಿಯೊಂದು ಕಿವಿಯ ಹತ್ತಿರವೇ ಹಾರಿತು. ಓಡಿ ಬಂದೆ. ಪ್ರಾಯದಲ್ಲಿ ಹೀಗೆ ಓಡಿದ್ದು ನೆನಪಿಲ್ಲ.

ಪ್ರಕಾಶಕರು ಮರುಮುದ್ರಣಕ್ಕೆ ಕೇಳಿದ್ದಾರೆ, ತಿದ್ದುಪಡಿ ಇದ್ದರೆ ಈ ತಿಂಗಳೊಳಗೆ ಕಳಿಸಬೇಕು. ಇದೊಂದೇ ಅಧ್ಯಾಯ ಎತ್ತಿ ಹಾಕಿದರೆ ಹನ್ನೆರಡು ನಿಲ್ಲುವುದಿಲ್ಲ, ಅವಳ ಬಳೆ ಒಡೆದದ್ದು ಸುರಂಗದಲ್ಲೇ. ಅವಳನ್ನು ಹೊರಗೆ ನಿಲ್ಲಿಸಿ ಅವನೊಬ್ಬನನ್ನೇ ಒಳಗೆ ಕಳಿಸಿದರೆ? ಬೇಸಗೆಯಲ್ಲಿ, ಲಾಟೀನು ಬೇಡ, ಮೇಣದಬತ್ತಿ. ಆದರೆ ಅವನು ಅಲ್ಲಿಂದ ಹೇಳುವ ಆ ಮಾತು ಅವಳಿಗೆ ಕೇಳಲೇಬೇಕು. ಎಷ್ಟು ಕೋಲು ದೂರ ಒಳಗಿನ ತನಕ ಮಾತು ಕೇಳುತ್ತದೆ ಅಂತ ವಿಚಾರಿಸಬೇಕಿತ್ತು, ಮರೆತೆ. ಶನಿವಾರ ಕೂಲಿಗೆ ಬರುತ್ತೇನೆ ಅಂದಿದ್ದಾರೆ. ಆಗ ನಾನು ಬಾಯಲ್ಲಿ ನಿಂತು ಅವರನ್ನು ಒಳಗಿನಿಂದ ಏನಾದರೂ ಹೇಳಲಿಕ್ಕೆ